ಪೋಸ್ಟರ್ ಬೋರ್ಡಿನ ಪದರ ಬಿಡಿಸಿ ನಮ್ಮೂರ ಟಾಕೀಸಿನ ವರ್ಷ ಹಿಡಿದದ್ದು

ಹಳೆ ಟಾಕೀಸಿನ ಬೋರ್ಡಿನಲ್ಲಿ ಒಂದರ ಮೇಲೊಂದು ಅಂಟಿಕೊಂಡಿದ್ದ ಪೋಸ್ಟರುಗಳಲ್ಲಿ ನಾನು ಬಿಡಿಸಿದ ಪದರ ಒಟ್ಟು 340ರ ಹತ್ತಿರ. ಅದರಲ್ಲಿ ಓದಲು ಬರುವಂತೆ ಉಳಿದದ್ದು 290ಕ್ಕಿಂತ ಜಾಸ್ತಿ. ಎರಡು ವರ್ಷದ ಮೇಲೆ ನಾಲ್ಕು ತಿಂಗಳು ಹಿಡಿಯಿತು. ಖರ್ಚು ಮೂವತ್ತು ಸಾವಿರದ ಆಸುಪಾಸು. ಇದು ಆಗುವ ಕೆಲಸ ಅಲ್ಲ ಎಂದವರು ಕಡಿಮೆ ಅಂದರೂ ಹತ್ತು ಜನ. ಅವರಲ್ಲಿ ಇಬ್ಬರು ಹಳೆ ಕಾಗದದ ಕೆಲಸದಲ್ಲಿ ನನಗಿಂತ ಪಳಗಿದವರು. ಈಗ ಆಯಿತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಉಡುಪಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ. ಟಾಕೀಸಿನ ಹೆಸರು ಬರೆಯುವುದಿಲ್ಲ, ಮಾಲೀಕರ ಮನೆಯವರು ಬೇಡ ಅಂದಿದ್ದಾರೆ. ಕಟ್ಟಡದಲ್ಲಿ ಈಗ ಪೀಠೋಪಕರಣದ ಗೋದಾಮು ಇದೆ. ಆದರೆ ಬಸ್ಸಿನವರು ಇವತ್ತಿಗೂ ಆ ಸ್ಟಾಪನ್ನು ಟಾಕೀಸು ಅಂತಲೇ ಕೂಗುತ್ತಾರೆ. ಮಂಗಳೂರಿನಲ್ಲಿ ಜ್ಯೋತಿ ಟಾಕೀಸು ಹೋದ ಮೇಲೂ ಜನ ಜ್ಯೋತಿ ಸರ್ಕಲ್ ಅನ್ನುವುದಿಲ್ಲವೇ, ಹಾಗೆ.

ನನಗೆ ಬೇಕಾಗಿದ್ದದ್ದು ಒಂದೇ. ಯಾವ ವಾರ ಯಾವ ಸಿನಿಮಾ ಓಡಿತು ಎಂಬ ಪಟ್ಟಿ. ಊರಿನ ಹಿರಿಯರನ್ನು ಕೇಳಿದರೆ ಎಲ್ಲರೂ ನೂರು ದಿನ ಓಡಿದ ಕಥೆ ಹೇಳುತ್ತಾರೆ. ನಮ್ಮ ಟಾಕೀಸಿನಲ್ಲಿ ಯಾವುದೂ ನೂರು ದಿನ ಓಡಿಲ್ಲ. ಮೂರು ವಾರ ಓಡಿದರೆ ಹಬ್ಬ. ಮಾಲೀಕರ ಲೆಕ್ಕದ ಪುಸ್ತಕಗಳನ್ನು ಗೆದ್ದಲು ತಿಂದಿದೆ. ಪತ್ರಿಕೆ ನೋಡಿ ಎಂದು ಎಲ್ಲರೂ ಹೇಳಿದರು. ಉದಯವಾಣಿ ಮಣಿಪಾಲದಿಂದ ಶುರುವಾದದ್ದು 1970ರಲ್ಲಿ. ಅದರಲ್ಲಿ ಪೇಟೆಯ ಟಾಕೀಸುಗಳ ಜಾಹೀರಾತು ಸಿಗುತ್ತದೆ. ಪೇಟೆಯಲ್ಲಿ ಓಡಿ ಮುಗಿದ ಸಿನಿಮಾ ಹಾಕುವ ನಮ್ಮಂಥ ಸೆಕೆಂಡ್ ರನ್ ಟಾಕೀಸು ದುಡ್ಡು ಕೊಟ್ಟು ಜಾಹೀರಾತು ಹಾಕುತ್ತಿರಲಿಲ್ಲ. ಗೋಡೆ, ಬೋರ್ಡು, ಜೀಪಿನ ಮೈಕು, ಅಷ್ಟೇ.

ಆ ಬೋರ್ಡುಗಳೇ ನನಗೆ ಸಿಕ್ಕಿದವು. ಟಿಕೆಟ್ ಕಿಟಕಿಯ ಪಕ್ಕ, ಜಗಲಿಯ ಒಳಗೆ, ಮಳೆ ಬೀಳದ ಜಾಗದಲ್ಲಿ ಇದ್ದವು. ಎರಡು ಪ್ಲೈವುಡ್ಡು, ಒಂದು ತಗಡು. ಹೊರಗಿನ ಬೋರ್ಡಾದರೆ ಮಳೆಗೆ ಪೋಸ್ಟರ್ ಕಳಚಿ ಬೀಳುತ್ತದೆ. ಒಳಗಿನದರಲ್ಲಿ ಒಂದರ ಮೇಲೊಂದು ಅಂಟಿಸಿ ಅಂಟಿಸಿ ಒಂದೂವರೆ ಇಂಚು ದಪ್ಪದ ಹಲಗೆಯೇ ಆಗಿತ್ತು. ಗುಜರಿಯವನಿಗೆ ಮೂರಕ್ಕೂ ಸೇರಿ 1,500 ಕೊಟ್ಟೆ, ಟೆಂಪೋ ಬಾಡಿಗೆ 700. ಗುಜರಿಯವ ಹೇಳಿದ್ದು ಈಗಲೂ ನೆನಪಿದೆ: "ಎಂತ ಮಾರಾಯ್ರೆ, ಇದು ಒಲೆಗೂ ಆಗುವುದಿಲ್ಲ."

ನಾನು ಮೂವತ್ತು ವರ್ಷ ಸಣ್ಣ ಪ್ರೆಸ್ ನಡೆಸಿದವನು. ಕಾಗದ ಬೆರಳಿಗೆ ಸಿಕ್ಕಿದರೆ ಅದು ಎಷ್ಟರ ಕಾಗದ ಅಂತ ಹೇಳಬಲ್ಲೆ. ಆ ಧೈರ್ಯದಲ್ಲೇ ಕೈ ಹಾಕಿದೆ. ಪೋಸ್ಟರ್ ಕಾಗದ ನಿಮಗೆ ಗೊತ್ತು, ಒಂದು ಬದಿ ನುಣುಪು, ಒಂದು ಬದಿ ಒರಟು. ಅಂಟು ಕೂರುವುದು ಒರಟು ಬದಿಗೆ. ಹಾಗಾಗಿ ಅಂಟು ಕರಗಿದರೆ ಮೇಲಿನ ಪದರ ಸಲೀಸಾಗಿ ಏಳಬೇಕು. ಲೆಕ್ಕ ಸರಿಯೇ ಇತ್ತು. ಅಂಟು ಕರಗಲಿಲ್ಲ.

ಮೊದಲ ಸಲ ಒಂದು ಮೂಲೆಯಿಂದ ಗರಗಸದಲ್ಲಿ ಎರಡಡಿ ತುಂಡು ಕತ್ತರಿಸಿ ಬಿಸಿನೀರಿನ ಟಬ್ಬಿನಲ್ಲಿ ಮುಳುಗಿಸಿಟ್ಟೆ. ಮರುದಿನ ನೋಡಿದರೆ ಹದಿನಾಲ್ಕು ಪದರ ಮುದ್ದೆ. ಹೊರಗಿನ ಪದರ ನೆನೆದು ಹರಿದಿತ್ತು, ಒಳಗೆ ನೀರೇ ಇಳಿದಿರಲಿಲ್ಲ. ಆಮೇಲೆ ಬಟ್ಟೆಗೆ ಹಬೆ ಹಿಡಿಸುವ ಯಂತ್ರ ತಂದೆ, 2,200. ಹಬೆಗೆ ಅಂಟು ಮೆತ್ತಗಾಗುತ್ತದೆ, ನಿಜ. ಆದರೆ ಅರ್ಧ ನಿಮಿಷದಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ. 30 ಇಂಚಿನ ಪೋಸ್ಟರನ್ನು ಅರ್ಧ ನಿಮಿಷದಲ್ಲಿ ಯಾರು ಎಬ್ಬಿಸುತ್ತಾರೆ? ಅದರಲ್ಲಿ ಮತ್ತೆ ಒಂಬತ್ತು ಹೋದವು. ಬೆಂಗಳೂರಿನ ಒಂದು ಕಡೆ ವಿಚಾರಿಸಿದೆ. ಹಾಳೆಗೆ 400 ರೂಪಾಯಿ ಅಂದರು, ಕೆಲಸ ಆಗುತ್ತದೆ ಎಂಬ ಭರವಸೆ ಮಾತ್ರ ಕೊಡಲಿಲ್ಲ. 340ಕ್ಕೆ ಲೆಕ್ಕ ಹಾಕಿ ಫೋನು ಇಟ್ಟೆ.

ಮೈದಾ ಅಂಟು ಅಂದರೆ ಪಿಷ್ಟ. ಪಿಷ್ಟ ಕರಗಿಸುವ ಕಿಣ್ವ ಉಂಟು ಅಂತ ಗೊತ್ತಿತ್ತು. ಬಟ್ಟೆ ಗಿರಣಿಯಲ್ಲಿ ನೂಲಿನ ಗಂಜಿ ತೆಗೆಯಲು ಅದನ್ನೇ ಬಳಸುತ್ತಾರೆ. ತಮಿಳುನಾಡಿನ ಕಡೆಯಿಂದ ತರಿಸಿದೆ. 5 ಕಿಲೋಕ್ಕಿಂತ ಕಡಿಮೆ ಕೊಡುವುದಿಲ್ಲ ಎಂದರು, 2,800 ಹೋಯಿತು. ಮೇಲಿನ ಐದಾರು ಪದರ ಬೆಣ್ಣೆಯಂತೆ ಬಂದವು. ನಾನು ಕುಣಿಯುವುದೊಂದು ಬಾಕಿ. ಏಳನೆಯದಕ್ಕೆ ನಿಂತಿತು. ಆಮೇಲೆ ಎಷ್ಟು ಹಾಕಿದರೂ ಏನೂ ಇಲ್ಲ. ಎರಡು ವಾರ ಅದರ ಮುಂದೆ ಕೂತೆ. ಸರಕು ಹಾಳಾಗಿದೆ ಎಂದು ಮಾರಿದವರ ಜತೆ ಜಗಳ ಕೂಡ ಆಡಿದೆ. ಅದು ನನ್ನ ತಪ್ಪು. ಸರಕು ಸರಿಯಾಗಿಯೇ ಇತ್ತು.

ಅಷ್ಟರಲ್ಲಿ ಮಗಳು ಬಾಣಂತನಕ್ಕೆ ಬಂದು ಆರೇಳು ತಿಂಗಳಾಗಿತ್ತು. ಒಂದು ದಿನ ಮಗುವಿಗೆ ರಾಗಿ ಮಣ್ಣಿ ಕಾಯಿಸುತ್ತಾ, "ಅಪ್ಪ, ಮೊಳಕೆ ಬರಿಸಿದ ರಾಗಿ ಹಾಕಿದರೆ ಮಣ್ಣಿ ಗಟ್ಟಿಯೇ ಆಗುವುದಿಲ್ಲ ನೋಡಿ, ನೀರಾಗುತ್ತದೆ" ಅಂದಳು. ನಾನು ಅಲ್ಲಿಯೇ ನಿಂತೆ. ಮೊಳಕೆ ಕಾಳಿನಲ್ಲಿ ಇರುವುದೂ ಅದೇ ಕಿಣ್ವ. ಗಂಜಿ ತೆಳ್ಳಗಾಗುವುದು ಅದರಿಂದಲೇ. ಇನ್ನು ಗಿರಣಿಯ ಸರಕು ಯಾಕೆ?

ರಾಗಿಯನ್ನು ಒಂದು ರಾತ್ರಿ ನೆನೆಸಿ, ಎರಡು ದಿನ ಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಲ್ಲಿ ಒಣಗಿಸಿ, ಹಿಟ್ಟು ಮಾಡಿ, ನೀರಲ್ಲಿ ಕದಡಿ, ಸೋಸುವುದು. ಕೈಗೆ ಸ್ವಲ್ಪ ಸುಡುವಷ್ಟು ಬಿಸಿ ಇರಬೇಕು. ಕುದಿಸಿದರೆ ಕೆಲಸ ಕೆಟ್ಟಿತು. ಮೊದಲಿನ ಎಂಟೊಂಬತ್ತು ಪೋಸ್ಟರಿಗೆ ಕಂದು ಕಲೆ ಬಿತ್ತು. ಸೋಸಿದ ನೀರನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ತಿಳಿಯಾಗಲು ಬಿಟ್ಟು ಮೇಲಿನ ನೀರು ಮಾತ್ರ ಬಳಸಿದ ಮೇಲೆ ಕಲೆ ನಿಂತಿತು. ಬಾರ್ಲಿಯಲ್ಲೂ ಮಾಡಿ ನೋಡಿದೆ. ಜೋರಾಗಿ ಕೆಲಸ ಮಾಡುತ್ತದೆ, ಆದರೆ ನಮ್ಮ ಸೆಕೆಗೆ ಮೊಳಕೆ ಬರುವಾಗಲೇ ಬೂಷ್ಟು ಹಿಡಿಯುತ್ತದೆ. ರಾಗಿಯೇ ಸಾಕು.

ಆದರೆ ಆ ಏಳನೆಯ ಪದರಕ್ಕೆ ರಾಗಿ ನೀರೂ ನಿಂತಿತು! ಅದೇ ಜಾಗ, ಅದೇ ಹಟ. ಹಾಗಾದರೆ ತೊಂದರೆ ಕಿಣ್ವದಲ್ಲಿ ಇಲ್ಲ, ಅಂಟಿನಲ್ಲಿ ಇದೆ. ಬೆಳಕಿಗೆ ಹಿಡಿದು ಅಂಚನ್ನು ನೋಡಿದೆ. ತೆಳ್ಳಗೆ ಹಸಿರುನೀಲಿ. ಮೈಲುತುತ್ತು! ಅಂಟಿಗೆ ಹುಳ, ಬೂಷ್ಟು ಬಾರದಂತೆ ತುತ್ತು ಹಾಕುವುದು ಹಳೆಯ ರೂಢಿ. ನಮ್ಮ ಪ್ರೆಸ್ಸಿನಲ್ಲೂ ಬೈಂಡಿಂಗ್ ಅಂಟಿಗೆ ಹಾಕುತ್ತಿದ್ದೆವು. ತುತ್ತಿನಲ್ಲಿರುವ ತಾಮ್ರ ಈ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಕ್ಕಿಕಾಳಿನಷ್ಟು ಅಂಟು ಕೆರೆದು ಬಿಳಿ ಟೈಲ್ಸಿನ ಮೇಲಿಟ್ಟು ಒಂದು ಹನಿ ಅಮೋನಿಯಾ ಬಿಟ್ಟೆ. ಕಡು ನೀಲಿ ಬಂತು. ಇನ್ನು ಅನುಮಾನವೇ ಇರಲಿಲ್ಲ.

ತಾಮ್ರ ತೆಗೆಯಲು ರಾಗಿ ನೀರಿಗಿಂತ ಮೊದಲು ಇನ್ನೊಂದು ನೀರು ಕೊಡಬೇಕು. ಅದಕ್ಕೆ ಏನು ಹಾಕುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ವಸ್ತುವೇ, ಅಳತೆಯೇ ಮುಖ್ಯ. ಜಾಸ್ತಿಯಾದರೆ ಕಾಗದ ಹೋಗುತ್ತದೆ. ಅಳತೆ ಹಿಡಿಯಲು ನನಗೆ ಮೂರು ತಿಂಗಳು ಮತ್ತು ಇಪ್ಪತ್ತು ಪೋಸ್ಟರ್ ಬೇಕಾದವು. ಕೆಲಸ ಕೈಗೆತ್ತಿಕೊಂಡವರು ಮನೆಗೆ ಬಂದರೆ ತೋರಿಸುತ್ತೇನೆ.

ಕೆಲಸ ಒಂದು ಲಯಕ್ಕೆ ಬಂತು. ಮೊದಲು ಪದರಕ್ಕೆ ಮುಕ್ಕಾಲು ಗಂಟೆ ಬೇಕಿತ್ತು, ಆಮೇಲೆ ಹನ್ನೆರಡು ನಿಮಿಷ. ಎಬ್ಬಿಸಲು ಬಿದಿರಿನ ಸೀಳು, ಹೊರಲು ಸೊಳ್ಳೆಪರದೆ. ಪರದೆಯನ್ನು ಪೋಸ್ಟರಿನ ಮೇಲೆ ಹಾಸಿ ಎರಡನ್ನೂ ಸೇರಿಸಿ ಎತ್ತಿದರೆ ಒದ್ದೆ ಕಾಗದ ಹರಿಯುವುದಿಲ್ಲ. ಜಪಾನಿ ಕಾಗದಕ್ಕೆ ದುಡ್ಡು ಸುರಿಯಬೇಡಿ, 600 ರೂಪಾಯಿಯ ಪರದೆ ಎರಡು ವರ್ಷ ಬಂತು. ನಿಜವಾಗಿ ದುಡ್ಡು ತಿಂದದ್ದು ಬ್ಲಾಟಿಂಗ್ ಪೇಪರ್, ಹತ್ತಿರ ಹತ್ತಿರ ಹತ್ತು ಸಾವಿರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡಿಸುವ ಕೆಲಸ ಪೂರ್ತಿ ಬಂದ್. ನಮ್ಮ ಮಳೆಗಾಲದಲ್ಲಿ ಒದ್ದೆ ಕಾಗದ ಒಣಗುವ ಮೊದಲು ಬೂಷ್ಟು ಬರುತ್ತದೆ. ಮೊದಲ ವರ್ಷ ಹಟ ಮಾಡಿ ಜುಲೈಯಲ್ಲಿ ಮಾಡಿದ ಹನ್ನೊಂದು ಹಾಳೆ ಕಪ್ಪು ಚುಕ್ಕೆ ಹಿಡಿದು ಹೋದವು.

ಹುಳದ ವಿಷಯಕ್ಕೂ ಒಂದು ಪ್ರಯೋಗ ಮಾಡಿದೆ. ಬೋರ್ಡಿನ ತುಂಬ ಬೆಳ್ಳಿಮೀನು ಹುಳ ಇದ್ದವು. ಗೆಳೆಯರೊಬ್ಬರ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರಿನಲ್ಲಿ ಎರಡು ತುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಹತ್ತು ದಿನ ಇಟ್ಟೆ. ಹುಳ ಪೂರ್ತಿ ಸತ್ತವು. ಹೊರಗೆ ತೆಗೆದ ಕೂಡಲೇ ಸುತ್ತು ಬಿಚ್ಚಬೇಡಿ, ಒಂದು ದಿನ ಹಾಗೇ ಬಿಡಿ. ಇಲ್ಲದಿದ್ದರೆ ಕಾಗದದ ಮೇಲೆ ನೀರು ಕೂರುತ್ತದೆ.

ಇನ್ನು ಮುಖ್ಯ ವಿಷಯ. ಪದರ ಬಿಡಿಸುತ್ತಾ ಹೋದ ಹಾಗೆ ಪ್ರತಿಯೊಂದರ ಅಂಟಿಗೂ ಅಮೋನಿಯಾ ಹನಿ ಹಾಕಿ ಬರೆದಿಡುತ್ತಿದ್ದೆ. ಕೆಲಸಕ್ಕೆ ಎಷ್ಟು ನೀರು ಬೇಕು ಅಂತ ತಿಳಿಯಲು, ಅಷ್ಟೇ ಉದ್ದೇಶ. ನೂರು ಪದರ ಆದ ಮೇಲೆ ಪಟ್ಟಿ ನೋಡಿದರೆ ನೀಲಿ ಎಲ್ಲೆಂದರಲ್ಲಿ ಇಲ್ಲ. ಹತ್ತು ಹನ್ನೆರಡು ಪದರ ನೀಲಿ, ಆಮೇಲೆ ಮೂವತ್ತರ ಹತ್ತಿರ ಬಿಳಿ, ಮತ್ತೆ ಹತ್ತು ಹನ್ನೆರಡು ನೀಲಿ. ಹಾಗೇ ಸಾಗಿತು.

ಇದರ ಗುಟ್ಟು ಬಿಡಿಸಿದ್ದು ಪೋಸ್ಟರ್ ಅಂಟಿಸುತ್ತಿದ್ದವರ ಮಗ. ಅವರು ತೀರಿಹೋಗಿ ತುಂಬ ಕಾಲ ಆಯಿತು. ಮಗನನ್ನು ಹುಡುಕಿಕೊಂಡು ಹೋದೆ. "ಅಪ್ಪ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಹೋಗುತ್ತಿದ್ದರು. ತುತ್ತು ಮನೆಯಲ್ಲೇ ಇರುತ್ತಿತ್ತಲ್ಲ, ಅದನ್ನೇ ಚಿಟಿಕೆ ಅಂಟಿಗೂ ಹಾಕುತ್ತಿದ್ದರು" ಎಂದರು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ ತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ. ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಬೇಸಿಗೆಯಲ್ಲಿ ತುತ್ತು ಯಾರ ಮನೆಗೂ ಬರುವುದಿಲ್ಲ. ಬೇಸಿಗೆಯ ಅಂಟು ಬೇಗ ಒಣಗುತ್ತದೆ, ತುತ್ತು ಬೇಕಾಗಿಯೂ ಇಲ್ಲ.

ಅಂದರೆ ಒಂದು ನೀಲಿ ಪಟ್ಟೆ ಒಂದು ಮಳೆಗಾಲ. ಮರದ ವಯಸ್ಸು ಎಣಿಸಿದ ಹಾಗೆ ಬೋರ್ಡಿನ ವಯಸ್ಸು ಎಣಿಸಬಹುದು! ಮೊದಲ ಬೋರ್ಡಿನಲ್ಲಿ 185 ಪದರ, ಐದು ಮಳೆಗಾಲ. ನನ್ನ ಕೆಲಸ ಕೆಡಿಸಿದ ವಸ್ತುವೇ ನನಗೆ ಕ್ಯಾಲೆಂಡರ್ ಆಯಿತು. ಬೇರೆ ಯಾರಾದರೂ ಹೀಗೆ ಮಾಡಿದ್ದನ್ನು ನಾನಂತೂ ಕೇಳಿಲ್ಲ.

ಈ ಕ್ಯಾಲೆಂಡರಿಗೆ ವರ್ಷ ಕೂರಿಸಬೇಕಲ್ಲ. ಪೋಸ್ಟರಿನಲ್ಲಿ ವರ್ಷ ಇರುವುದಿಲ್ಲ. ಟಾಕೀಸಿನವರು ಅದರ ಮೇಲೆ ಅಡ್ಡಕ್ಕೆ ಅಂಟಿಸುವ ಸ್ಲಿಪ್ಪಿನಲ್ಲಿ ತಾರೀಕು ಇರುತ್ತದೆ, ವರ್ಷ ಇರುವುದಿಲ್ಲ. ಮೇಲಿನ ನೀಲಿ ಪಟ್ಟೆ ದಾಟಿದ ಕೂಡಲೇ ಒಂದು ಗುಲಾಬಿ ಸ್ಲಿಪ್ ಸಿಕ್ಕಿತು: "ಶುಕ್ರವಾರ ತಾ. 12 ರಿಂದ, ದಿನಾ 3 ಆಟ." ಕೆಳಗಿದ್ದ ಸಿನಿಮಾ 1977ರ ಮೊದಲ ತಿಂಗಳುಗಳಲ್ಲಿ ಬಿಡುಗಡೆ ಆದದ್ದು. ನಮ್ಮೂರಿಗೆ ಪ್ರಿಂಟ್ ಬರಲು ಒಂದೂವರೆ ವರ್ಷಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ. ಕ್ಯಾಲೆಂಡರ್ ತೆಗೆದು ನೋಡಿದೆ. 1977ರಲ್ಲಿ 12ನೇ ತಾರೀಕು ಶುಕ್ರವಾರ ಬಂದದ್ದು ಒಂದೇ ಸಲ, ಆಗಸ್ಟ್‌ನಲ್ಲಿ. 1978ರಲ್ಲೂ ಒಂದೇ ಸಲ, ಮೇಯಲ್ಲಿ. ಆಗಸ್ಟ್ ಆಗಿದ್ದರೆ ಅಂಟು ನೀಲಿ ಬರಬೇಕು. ಹನಿ ಹಾಕಿದೆ. ನೀಲಿ ಬರಲಿಲ್ಲ. 1978ರ ಮೇ 12. ಅದರ ಮೇಲಿನ ನೀಲಿ ಪಟ್ಟೆ ಆ ವರ್ಷದ ಮಳೆಗಾಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸರಿ ಇರಬಹುದು, ತಪ್ಪೂ ಇರಬಹುದು, ಅಲ್ವಾ? ಒಂದು ವಾರದ ಮೇಲೆ, ಇನ್ನೂ ಹದಿಮೂರೋ ಹದಿನಾಲ್ಕೋ ಪದರ ಕೆಳಗೆ, ಇನ್ನೊಂದು ಸ್ಲಿಪ್: "ಪರ್ಯಾಯ ಪ್ರಯುಕ್ತ ವಿಶೇಷ ಆಟ." ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉಡುಪಿ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ, ಸಮ ಸಂಖ್ಯೆಯ ವರ್ಷದಲ್ಲಿ. ಜನವರಿ 18ರಿಂದ ಮೇ 12ಕ್ಕೆ ಹದಿನಾರು ವಾರ. ಕೆಲವು ಸಿನಿಮಾ ಎರಡು ವಾರ ಓಡುತ್ತವೆ, ಹಾಗಾಗಿ ಹದಿನಾಲ್ಕು ಪದರ ಸರಿಯಾಗಿ ಕೂರುತ್ತದೆ. ಅದರ ಕೆಳಗೆ ಎರಡು ನೀಲಿ ಪಟ್ಟೆ ದಾಟಿದ ಮೇಲೆ ಮತ್ತೊಂದು ಪರ್ಯಾಯ ಸ್ಲಿಪ್ ಬಂತು. ಅದು 1976ರದ್ದು. ಆಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಮೊದಲ ಬೋರ್ಡು 1974ರ ಮಳೆಗಾಲದಿಂದ 1978ರ ಮಳೆಗಾಲದವರೆಗಿನದು.

ಇನ್ನೂ ಕೆಲವು ಗುರುತು ನೆನಪಿಡಿ. ಸ್ಲಿಪ್ಪಿನ ತಳದಲ್ಲಿ ಪ್ರೆಸ್ಸಿನ ವಿಳಾಸ ಸಣ್ಣಕ್ಷರದಲ್ಲಿ ಇರುತ್ತದೆ. ಆರಂಕಿಯ ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್‌ನಲ್ಲಿ. 576 ಅಂತ ಕಂಡರೆ ಅದಕ್ಕಿಂತ ಹಿಂದಿನದಲ್ಲ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕಿಂತ ಮೊದಲು ಎಲ್ಲವೂ ದ.ಕ. ತುಳು ಸಿನಿಮಾದ ಪೋಸ್ಟರ್ ಸಿಕ್ಕಿದರೆ 1971ಕ್ಕಿಂತ ಹಿಂದೆ ಹೋಗಬೇಡಿ, ಮೊದಲ ತುಳು ಸಿನಿಮಾ "ಎನ್ನ ತಂಗಡಿ" ಬಂದದ್ದೇ ಆ ವರ್ಷ. ಸ್ಲಿಪ್ಪಿನ ದೊಡ್ಡ ಅಕ್ಷರ ಮರದ ಅಚ್ಚುಮೊಳೆಯಲ್ಲಿ ಅಚ್ಚಾದದ್ದು. ನಮ್ಮ ಸ್ಲಿಪ್ಪುಗಳಲ್ಲಿ "ಆಟ" ಎಂಬಲ್ಲಿ ಟಕಾರದ ಬಲ ಅಂಚು ಚೂರು ಒಡೆದಿದೆ. ಮೇಲಿನ ಪದರಗಳಲ್ಲಿ ಒಡಕು ದೊಡ್ಡದು, ಕೆಳಗಿನವುಗಳಲ್ಲಿ ಸಣ್ಣದು. ಬೋರ್ಡಿನಿಂದ ಬೇರೆಯಾಗಿ ಸಿಕ್ಕಿದ ಹನ್ನೆರಡು ಸ್ಲಿಪ್ಪಿಗೆ ಆ ಒಡಕು ನೋಡಿಯೇ ಜಾಗ ಕೊಟ್ಟೆ. ಇದು ಪ್ರೆಸ್ಸಿನವನಿಗೆ ಮಾತ್ರ ಕಣ್ಣಿಗೆ ಬೀಳುವ ವಿಷಯ. ಗುಲಾಬಿ ಕಾಗದದ ಬಣ್ಣ ನೀರಿಗೆ ಹರಿಯದಂತೆ ತಡೆಯುವುದಕ್ಕೂ ನನ್ನಲ್ಲೊಂದು ಉಪಾಯ ಉಂಟು. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನೀಲಿ ಪಟ್ಟೆಯ ಅಂಚು ಗೆರೆ ಎಳೆದಂತೆ ಇರುವುದಿಲ್ಲ. ತುತ್ತು ಒದ್ದೆ ಕಾಗದದ ಮೂಲಕ ಪಕ್ಕದ ಒಂದೆರಡು ಪದರಕ್ಕೆ ಇಳಿಯುತ್ತದೆ. ಹಾಗಾಗಿ ಜೂನ್ ಮತ್ತು ಅಕ್ಟೋಬರ್ ಮೊದಲ ವಾರ ಅಂತ ಖಚಿತ ಹೇಳಲು ಹೋಗಬೇಡಿ. ಅಂಟು ಕೆರೆಯುವಾಗ ನೀಲಿ, ಹಸಿರು ಶಾಯಿ ಇರುವ ಜಾಗ ಬಿಟ್ಟು ಬಿಳಿ ಅಂಚಿನಿಂದ ತೆಗೆಯಿರಿ. ಅಮೋನಿಯಾ ಬಳಸುವಾಗ ಕಿಟಕಿ ತೆರೆದಿರಲಿ.

ಎರಡನೇ ಬೋರ್ಡು ಬೇಗ ಮುಗಿಯಿತು, 155 ಪದರ, ನಾಲ್ಕು ಮಳೆಗಾಲ. ಪರ್ಯಾಯದ ಸ್ಲಿಪ್ ಒಂದೇ ಸಿಕ್ಕಿತು. ಅದರ ಸುತ್ತ 1983ರ ಸಿನಿಮಾ ಎರಡು ಇದ್ದುದರಿಂದ ಆ ಪರ್ಯಾಯ 1984ರದ್ದು ಎಂದು ಇಟ್ಟೆ. ಬೋರ್ಡು 1981ರಿಂದ 1985ರ ಆರಂಭದವರೆಗೆ. ನಡುವೆ ಎರಡೂವರೆ ವರ್ಷ ಖಾಲಿ. ಬಹುಶಃ ಕೆರೆದು ಸುಣ್ಣ ಬಳಿದಿರಬೇಕು, ಪ್ಲೈವುಡ್ಡಿನ ಮೂಲೆಯಲ್ಲಿ ಉಳಿಯ ಗೀರು ಇದೆ.

ಪಟ್ಟಿ ಸಿಕ್ಕಿದ ಮೇಲೆ ಕಂಡದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದು. "ಇಂದು ಎರಡನೇ ಆಟ ಇಲ್ಲ" ಎಂಬ ಸಣ್ಣ ಸ್ಲಿಪ್ಪುಗಳು ಎರಡು ಬೋರ್ಡಿನಲ್ಲೂ ಸೇರಿ ಹದಿನೇಳು. ಒಂದಕ್ಕೂ ನೀಲಿ ಇಲ್ಲ. ಎಲ್ಲವೂ ಮಳೆಗಾಲ ಬಿಟ್ಟು ಉಳಿದ ದಿನಗಳವು. ಯಾಕೆ ಅಂದರೆ ಮೇಳ! ನವೆಂಬರ್‌ನಿಂದ ಮೇವರೆಗೆ ಯಕ್ಷಗಾನದ ಟೆಂಟು ಊರ ಗದ್ದೆಗೆ ಬರುತ್ತಿತ್ತು. ಬೆಳಗಿನವರೆಗೆ ಆಟ. ಆ ರಾತ್ರಿ ಟಾಕೀಸಿನ ಎರಡನೇ ಆಟಕ್ಕೆ ಯಾರು ಬರುತ್ತಾರೆ? ಪತ್ತನಾಜೆಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಈ ಸ್ಲಿಪ್ಪೇ ಇಲ್ಲ. ಸಿನಿಮಾ ಬಂದು ಯಕ್ಷಗಾನವನ್ನು ತಿಂದಿತು ಎಂದು ಎಲ್ಲರೂ ಬರೆಯುತ್ತಾರೆ. ನಮ್ಮೂರಿನಲ್ಲಿ ಮೇಳ ಬಂದ ದಿನ ಸಿನಿಮಾವೇ ಬಾಗಿಲು ಹಾಕುತ್ತಿತ್ತು.

ಕಳೆದ ಮಾರ್ಚಿನಲ್ಲಿ ಮಾಲೀಕರ ಸಂಬಂಧಿಕರೊಬ್ಬರ ಮನೆಯ ಟ್ರಂಕಿನಲ್ಲಿ ದಿನದ ಕಲೆಕ್ಷನ್ ಬರೆಯುವ ಪುಸ್ತಕ ಒಂದು ಸಿಕ್ಕಿತು. 1978ರ ಮಾರ್ಚಿನಿಂದ ಜೂನ್‌ವರೆಗಿನದು. ಆಗಲಿಕ್ಕಿಲ್ಲ ಎಂದ ಇಬ್ಬರು ಹಿರಿಯರನ್ನೂ ಮನೆಗೆ ಕರೆದು ಅವರ ಮುಂದೆಯೇ ತೆರೆದೆ. ಹದಿನೈದು ವಾರ. ನನ್ನ ಪಟ್ಟಿಯಲ್ಲಿ ಹನ್ನೆರಡು ವಾರ ಹಾಗೆಯೇ ಕೂತಿತು. ಎರಡು ವಾರ ಹಿಂದೆಮುಂದೆ ಆಗಿತ್ತು. ಇನ್ನೊಂದು ವಾರದ ಸಿನಿಮಾ ನನ್ನಲ್ಲಿ ಇರಲೇ ಇಲ್ಲ, ಆ ಪದರ ಮೊದಲ ಟಬ್ಬಿನ ಮುದ್ದೆಯಲ್ಲಿ ಹೋಗಿದ್ದಿರಬೇಕು. ಮೇ 12ರ ಪುಟದಲ್ಲಿ ಅದೇ ಸಿನಿಮಾ, ಮೂರು ಆಟ. ಗಾಂಧಿ ಕ್ಲಾಸಿನ, ಅಂದರೆ ಪರದೆಯ ಹತ್ತಿರದ ಅಗ್ಗದ ಸೀಟಿನ, ಸಾಲಿನಲ್ಲಿ ಹೌಸ್‌ಫುಲ್ ಎಂದು ಕೆಂಪು ಶಾಯಿಯಲ್ಲಿ ಬರೆದಿದೆ. ಹಿರಿಯರಲ್ಲೊಬ್ಬರು ಪುಟದ ಮೇಲೆ ಬೆರಳಿಟ್ಟು ತುಂಬ ಹೊತ್ತು ಕೂತರು. ಆ ದಿನ ಮ್ಯಾಟಿನಿಗೆ ಅವರೂ ಹೋಗಿದ್ದರಂತೆ.

ಮೂರನೆಯದು ತಗಡಿನ ಬೋರ್ಡು, ಅರುವತ್ತರ ಹತ್ತಿರ ಪದರ ಇರಬಹುದು. ಕೆಳಗಿನ ಪದರಗಳಿಗೆ ತುಕ್ಕು ಏರಿದೆ. ತುಕ್ಕಿನ ಕಲೆ ಇರುವಲ್ಲಿ ಅಮೋನಿಯಾ ಹನಿಯ ಬಣ್ಣ ಸರಿಯಾಗಿ ತಿಳಿಯುವುದಿಲ್ಲ, ಬೇರೆ ದಾರಿ ನೋಡಬೇಕು. ರಾಗಿ ಮೊಳಕೆಗೆ ಹಾಕಲು ಡಿಸೆಂಬರ್ ಬರಲಿ ಎಂದು ಕಾಯುತ್ತಿದ್ದೇನೆ.